ತಲೆಯ ಮೇಲೆ ಯಾರಿದ್ದಾರೆ? ಸಿಮೆಂಟ್ ಕಾರ್ಖಾನೆಯೊಂದರ ಪಾಳಿಪೂರ್ವ ಸಭೆಗಳ ಪ್ರಕರಣ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ನೆಲದಡಿಯಲ್ಲಿ ಸುಣ್ಣದ ಕಲ್ಲು ಪದರ ಪದರವಾಗಿ ಹಾಸಿಕೊಂಡಿದೆ. ಮನೆಯ ನೆಲಕ್ಕೆ ಹಾಸುವ ಫರ್ಸಿಯೂ ಅದೇ, ಸಿಮೆಂಟಿನ ಮೂಲವೂ ಅದೇ. ಈ ಪಟ್ಟಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರ್ಖಾನೆ ಯಾವುದು, ಗುತ್ತೇದಾರರು ಯಾರು ಎಂಬ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೆಲಸ ಹೇಗೆ ನಡೆಯಿತು ಎಂಬುದನ್ನು ಬದಲಿಸಿಲ್ಲ. ನಾನು ಆಗ ಇಟ್ಟಿಗೆ ಕಟ್ಟುವ ಗುತ್ತೇದಾರರ ಕಡೆಯ ಸುರಕ್ಷತಾ ಮೇಲ್ವಿಚಾರಕನಾಗಿದ್ದೆ. ಮುಂದೆ ಬರುವ ತಪ್ಪುಗಳಲ್ಲಿ ಒಂದೆರಡು ನನ್ನವೇ.

ಕಿಲ್ನ್ ನಿಂತ ದಿನಗಳು

ಮಳೆಗಾಲದಲ್ಲಿ ಸಿಮೆಂಟಿನ ಬೇಡಿಕೆ ಕುಗ್ಗುತ್ತದೆ. ಕಿಲ್ನ್ ಅಂದರೆ ಸುಣ್ಣದ ಕಲ್ಲಿನ ಪುಡಿಯನ್ನು ಸುಡುವ ಕುಲುಮೆ. ಅದನ್ನು ನಿಲ್ಲಿಸಿ ವಾರ್ಷಿಕ ದುರಸ್ತಿ ಮಾಡುವುದೂ ಹೆಚ್ಚಾಗಿ ಆಗಲೇ. ಓಡುತ್ತಿರುವಾಗ ಕಿಲ್ನ್‌ನೊಳಗಿನ ಸರಕು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಶಾಖ ಉಕ್ಕಿನ ಕವಚಕ್ಕೆ ತಾಗದಂತೆ ಒಳಗೆ ಕಟ್ಟಿರುವ ಇಟ್ಟಿಗೆ ಕಾಲಕ್ರಮದಲ್ಲಿ ಸವೆಯುತ್ತದೆ. ಬೆಂಕಿ ಆರಿಸಿ, ತಣಿಯಲು ಬಿಟ್ಟು, ಹಳೆಯ ಇಟ್ಟಿಗೆ ಒಡೆದು ಹೊಸದನ್ನು ಕಟ್ಟಬೇಕು. ಅದು ನಮ್ಮ ತಂಡದ ಕೆಲಸ.

ಕಿಲ್ನ್‌ನ ಹಿಂದುಗಡೆ ಪುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರ್ ಗೋಪುರ ನಿಂತಿರುತ್ತದೆ. ಅದರಲ್ಲಿ ಒಂದರ ಕೆಳಗೊಂದು ಸೈಕ್ಲೋನ್‌ಗಳು. ಮೇಲೆ ಅಗಲ, ಕೆಳಗೆ ಆಲಿಕೆಯಂತೆ ಕಿರಿದು. ಎಲ್ಲಕ್ಕಿಂತ ಕೆಳಗಿನ ಸೈಕ್ಲೋನ್‌ನಿಂದ ಒಂದು ಕೊಳವೆ ಕಿಲ್ನ್‌ನ ಹಿಂಬಾಯಿಯ ಕೋಣೆಗೆ ಇಳಿಯುತ್ತದೆ. ಆ ಕೋಣೆಯನ್ನು ಎಲ್ಲರೂ ‘ಇನ್ಲೆಟ್’ ಎನ್ನುತ್ತಾರೆ. ಸೈಕ್ಲೋನ್‌ಗಳ ಒಳಗೋಡೆಗೆ ಬಿಸಿ ಪುಡಿ ಅಂಟಿ ಅಂಟಿ ಕಲ್ಲಿನಂತಾಗಿರುತ್ತದೆ, ಅದಕ್ಕೆ ಕೋಟಿಂಗ್ ಎಂದು ಹೆಸರು. ಕಿಲ್ನ್ ನಿಂತಾಗ ಅದನ್ನು ಹಾರೆಯಿಂದ, ಬ್ರೇಕರ್‌ನಿಂದ ಒಡೆದು ಕೆಡವುತ್ತಾರೆ. ಕೆಡವಿದ್ದು ಎಲ್ಲಿ ಹೋಗಿ ಬೀಳುತ್ತದೆ ಎಂಬುದರ ಸುತ್ತ ಈ ಪ್ರಕರಣ ನಡೆಯುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಿಲ್ನ್ ನಿಲ್ಲುವ ಹೊತ್ತಿಗೇ ಹೊಲದಲ್ಲಿ ತೊಗರಿಯ ಕೆಲಸ ಶುರುವಾಗಿರುತ್ತದೆ. ಬಿತ್ತನೆ, ಎಡೆ ಹೊಡೆಯುವುದು, ಕಳೆ ತೆಗೆಯುವುದು. ಸುತ್ತಲಿನ ಊರು, ತಾಂಡಾಗಳ ಜನ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋಗುತ್ತಾರೆ, ಹೊಲ ಹದ ತಪ್ಪಿದ ದಿನ ಕಾರ್ಖಾನೆಗೆ ಬರುತ್ತಾರೆ. ನಿನ್ನೆ ತಿಳಿಹೇಳಿದ ಹತ್ತು ಜನರಲ್ಲಿ ಇಂದು ಆರು ಜನ ಹೊಸಬರು. ತರಬೇತಿ ಕೋಣೆಯಲ್ಲಿ ಒಂದು ದಿನ ಕೂರಿಸಿ ಪಾಠ ಮಾಡಿದರೆ ಮುಗಿಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಳಗಿನ ಆ ಹತ್ತು ನಿಮಿಷದ ಸಭೆಯೇ ಗತಿ.

ಸಹಿಯ ಸಾಲು

ಕಾರ್ಖಾನೆಯ ಮಂದಿ ಇದನ್ನು ಟೂಲ್‌ಬಾಕ್ಸ್ ಟಾಕ್ ಎನ್ನುತ್ತಾರೆ, ಬಾಯಿಯಲ್ಲಿ ಬರಿಯ ‘ಟಿಬಿಟಿ’. ಬೆಳಗ್ಗೆ ಎಂಟಕ್ಕೆ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಹೆಲ್ಮೆಟ್, ಬೂಟು, ಬೆಲ್ಟ್ ನೋಡುತ್ತಿದ್ದೆ. ಅಚ್ಚು ಹಾಕಿದ ಹಾಳೆಯಿಂದ ಆ ದಿನದ ವಿಷಯ ಓದುತ್ತಿದ್ದೆ. ಎಲ್ಲರೂ ಕೈ ಮುಂದೆ ಚಾಚಿ ಸುರಕ್ಷತಾ ಪ್ರತಿಜ್ಞೆ ಹೇಳುತ್ತಿದ್ದರು. ಆಮೇಲೆ ವಹಿ ಕೈಯಿಂದ ಕೈಗೆ ಹೋಗುತ್ತಿತ್ತು. ಸಹಿ ಬಂದವರು ಸಹಿ, ಬಾರದವರು ಹೆಬ್ಬೆಟ್ಟು.

ನನಗೆ ಹೊಳೆಯದೆ ಇದ್ದ ಸಂಗತಿ ಆ ವಹಿಯಲ್ಲೇ ಇತ್ತು. ಗುತ್ತೇದಾರರ ಗುಮಾಸ್ತ ಸಂಜೆ ಅದನ್ನೇ ನೋಡಿ ಹಾಜರಿ ಹಾಕುತ್ತಿದ್ದ. ಅಂದರೆ ಕೂಲಿಯವರ ಪಾಲಿಗೆ ಅದು ಸುರಕ್ಷತೆಯ ವಹಿಯಲ್ಲ, ಪಗಾರದ ವಹಿ. ತಡವಾಗಿ ಬಂದವನು ಸಭೆಯನ್ನು ತಪ್ಪಿಸಿಕೊಂಡರೂ ಸಹಿಯನ್ನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಊಟದ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದು ಹೆಬ್ಬೆಟ್ಟು ಒತ್ತುತ್ತಿದ್ದ. ನಾನೂ ಒತ್ತಿಸಿಕೊಳ್ಳುತ್ತಿದ್ದೆ, ಅವನ ಒಂದು ದಿನದ ಕೂಲಿ ಯಾಕೆ ಕಳೆಯಬೇಕೆಂದು. ‘ಚರ್ಚಿಸಿದ ವಿಷಯ’ ಎಂಬ ಕಲಮನ್ನು ವಾರಕ್ಕೊಮ್ಮೆ ಕೂತು ನಾನೇ ತುಂಬಿಸಿದ್ದೂ ಉಂಟು. ಏಳು ದಿನ, ಒಂದೇ ಪೆನ್ನು, ಒಂದೇ ಕೈಬರಹ.

ಬುತ್ತಿಯ ದೂರು

ದುರಸ್ತಿ ಶುರುವಾದ ಆರನೆಯ ದಿನ. ಇನ್ಲೆಟ್ ಅಂತಸ್ತಿನಲ್ಲಿ ಕಸ ಗುಡಿಸುವ, ಒಡೆದ ಇಟ್ಟಿಗೆ ಹೊರುವ ಹೆಣ್ಣುಮಕ್ಕಳಲ್ಲಿ ಹಿರಿಯಳೊಬ್ಬಳು ಸಭೆಯ ಕೊನೆಯಲ್ಲಿ ತಕರಾರು ತೆಗೆದಳು. “ತಮ್ಮಾ, ನಿನ್ನೆಯಿಂದ ಆ ಬಾಗಿಲಿನಿಂದ ಬೂದಿ ಹಾರುತ್ತಿದೆ. ನಿನ್ನೆ ಬುತ್ತಿ ಬಿಚ್ಚಿದರೆ ರೊಟ್ಟಿಯ ಮೇಲೆಲ್ಲ ಪುಡಿ. ಹಲ್ಲಿಗೆ ಕರಕರ ಎನ್ನುತ್ತದೆ.” ಸಿಟ್ಟಿನಲ್ಲೇ ಹೇಳಿದಳು. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. “ಅವ್ವಾ, ಅಲ್ಲಿ ಯಾಕೆ ಊಟಕ್ಕೆ ಕೂರುತ್ತೀರಿ, ಕೆಳಗೆ ಶೆಡ್ಡಿಗೆ ಹೋಗಿ” ಎಂದೆ. ವಹಿಯಲ್ಲಿ ಬರೆದದ್ದು: “ಕೆಲಸದ ಜಾಗದಲ್ಲಿ ಊಟ ಮಾಡಬಾರದೆಂದು ತಿಳಿಸಲಾಯಿತು.”

ಕಿಲ್ನ್ ನಿಂತು ಆರು ದಿನ. ಫ್ಯಾನ್ ನಿಂತಿದೆ, ಗಾಳಿ ಇಲ್ಲ, ಸರಕು ಇಲ್ಲ. ಇನ್ಲೆಟ್ ಬಾಗಿಲಿನಿಂದ ಹೊಸದಾಗಿ ಪುಡಿ ಬರಬೇಕಾದರೆ ಅದು ಮೇಲಿನಿಂದಲೇ ಇಳಿಯಬೇಕು. ಇಷ್ಟು ಸರಳವಾದದ್ದು ಆ ಹೊತ್ತಿಗೆ ನನ್ನ ತಲೆಗೆ ಹೋಗಲಿಲ್ಲ. ಆಕೆ ಹೇಳಿದ್ದು ರೊಟ್ಟಿಯ ಮಾತು, ನಾನು ಕೇಳಿಸಿಕೊಂಡದ್ದೂ ರೊಟ್ಟಿಯ ಮಾತು.

ಎಂಟನೆಯ ದಿನ ಸಂಜೆ ನಾಲ್ಕರ ಸುಮಾರಿಗೆ ನಮ್ಮ ಇಟ್ಟಿಗೆ ಮೇಸ್ತ್ರಿ ಮತ್ತು ಅವನ ಐದು ಜನ ಚಹಾ ಕುಡಿಯಲು ಇನ್ಲೆಟ್‌ನಿಂದ ಹೊರಗೆ ಬಂದಿದ್ದರು. ಒಬ್ಬ ಹುಡುಗ ಮಾತ್ರ ಬಾಗಿಲ ಹೊರಗೆ ಗಾರೆ ಕಲಸುತ್ತಿದ್ದ. ತೊಗರಿ ಚೀಲದಷ್ಟು ದೊಡ್ಡ ಕೋಟಿಂಗ್ ಗಡ್ಡೆ ಕೊಳವೆಯಲ್ಲಿ ಜಾರಿ ಬಂದು ಒಳಗಿನ ಸ್ಕ್ಯಾಫೋಲ್ಡ್ ಮೇಲೆ ಬಿತ್ತು. ಹಲಗೆ ಎರಡು ತುಂಡಾದವು. ಸಿಡಿದ ಚೂರು ತಗುಲಿ ಹುಡುಗನ ಮೊಣಕೈ ಊದಿಕೊಂಡಿತು, ಅಷ್ಟೇ. ಚಹಾ ಹತ್ತು ನಿಮಿಷ ತಡವಾಗಿ ಬಂದಿದ್ದರೆ ನಾನು ಬರೆಯುತ್ತಿದ್ದ ಬರಹವೇ ಬೇರೆ.

ಮೂರು ಸಭೆ, ಮೂರೂ ಸರಿ

ವಿಚಾರಣೆ ನಡೆಯಿತು. ಮೂರು ತಂಡಗಳ ವಹಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ತೆರೆದಿಟ್ಟಾಗ ಕಂಡದ್ದು ವಿಚಿತ್ರವಾಗಿತ್ತು.

ಮೇಲೆ ಸೈಕ್ಲೋನ್‌ನಲ್ಲಿ ಕೋಟಿಂಗ್ ಒಡೆಯುತ್ತಿದ್ದವರು ಬೇರೆ ಗುತ್ತೇದಾರರ ಜನ. ಕೊಳವೆಗೆ ಅಡ್ಡವಾಗಿ ಉಕ್ಕಿನ ತಟ್ಟೆ ಹಾಕಿದೆ, ಒಡೆದದ್ದನ್ನು ಪಕ್ಕದ ಬಾಗಿಲಿನಿಂದ ಚೀಲಕ್ಕೆ ತುಂಬಿ ಇಳಿಸಬೇಕು ಎಂದು ಅವರ ಸಭೆಯಲ್ಲಿ ಹೇಳಲಾಗಿತ್ತು. ಅದು ಮೊದಲ ದಿನದ ಮಟ್ಟಿಗೆ ನಿಜ. ಕೊಳವೆಯಲ್ಲಿರುವ ಫ್ಲಾಪ್ (ತೆರೆದು ಮುಚ್ಚುವ ಕದ) ಬದಲಿಸಲು ಬಂದ ವೆಲ್ಡಿಂಗ್ ತಂಡ ಮೂರನೆಯ ಗುತ್ತೇದಾರರದು. ಐದನೆಯ ದಿನ ಅವರು ತಟ್ಟೆಯನ್ನು ಬಿಚ್ಚಿ ಕಟಕಟೆಗೆ ಒರಗಿಸಿಟ್ಟು, ಫ್ಲಾಪ್ ಜೋಡಿಸಿ ಇಳಿದಿದ್ದರು. ಅವರ ಸಭೆಯ ವಿಷಯ ವೆಲ್ಡಿಂಗ್ ಕಿಡಿ ಮತ್ತು ಗ್ಯಾಸ್ ಸಿಲಿಂಡರ್, ಅದೂ ಸರಿ. ನಮ್ಮ ಸಭೆಯ ವಿಷಯ ಇಕ್ಕಟ್ಟಾದ ಜಾಗದಲ್ಲಿ ಗಾಳಿ, ಬೆಳಕು, ಬಾಗಿಲ ಬಳಿ ಕಾವಲು, ಅದೂ ಸರಿ. ಮೂರು ತಂಡವೂ ತಂತಮ್ಮ ಕೆಲಸದ ಅಪಾಯವನ್ನು ಮಾತನಾಡಿಕೊಂಡಿದ್ದವು. ಒಂದು ತಂಡದ ಕೆಲಸ ಇನ್ನೊಂದು ತಂಡದ ತಲೆಯ ಮೇಲಿತ್ತು ಎಂಬುದನ್ನು ಮಾತನಾಡಲು ಜಾಗವೇ ಇರಲಿಲ್ಲ. ಐದನೆಯ ದಿನ ತಟ್ಟೆ ತೆಗೆದದ್ದಕ್ಕೆ ಪರ್ಮಿಟ್ ಕಾಗದ ಇತ್ತು, ಸಹಿಯೂ ಇತ್ತು. ಅದು ಕಚೇರಿಯ ಕಡತದಲ್ಲಿತ್ತು, ಇನ್ಲೆಟ್‌ನಲ್ಲಿ ಕೂತ ಮೇಸ್ತ್ರಿಗೆ ತಲುಪಿರಲಿಲ್ಲ. ತಲುಪಿದ್ದು ಆ ಹೆಣ್ಣುಮಗಳ ರೊಟ್ಟಿಯ ಮೇಲಿನ ಪುಡಿ ಮಾತ್ರ.

ಮೊದಲು ಮಾಡಿದ್ದೆಲ್ಲ ಕೆಟ್ಟಿತು

ಮರುದಿನವೇ ಬಂದ ಆದೇಶ: ಸಭೆ ಹತ್ತು ನಿಮಿಷದ ಬದಲು ಅರ್ಧ ಗಂಟೆ ನಡೆಯಬೇಕು. ವೆಲ್ಡಿಂಗ್ ಗುತ್ತೇದಾರರಿಗೆ ದಂಡ. ಗೋಪುರದ ಬುಡದಲ್ಲಿ ದೊಡ್ಡ ಬ್ಯಾನರ್.

ಅರ್ಧ ಗಂಟೆಯ ಸಭೆ ಎರಡೇ ದಿನದಲ್ಲಿ ಹಾಳಾಯಿತು. ಮಳೆ ಜಿನುಗುತ್ತಿರುವಾಗ ನಿಂತುಕೊಂಡು ಅರ್ಧ ಗಂಟೆ ಯಾರು ಕೇಳುತ್ತಾರೆ? ಹೇಳುವುದಕ್ಕೆ ನನ್ನ ಬಳಿಯೂ ಅಷ್ಟು ಇರಲಿಲ್ಲ, ಹಳೆಯ ಹಾಳೆಗಳನ್ನೇ ತಿರುವಿ ಓದಿದೆ. ದಂಡದ ಪರಿಣಾಮ ಇನ್ನೂ ಕೆಟ್ಟದ್ದು: ಮೂರೂ ಗುತ್ತೇದಾರರ ಮುಕಾದಮರು, ಅಂದರೆ ತಂಡದ ಮುಂದಾಳುಗಳು, ಬಾಯಿ ಹೊಲಿದುಕೊಂಡರು. ನಿನ್ನೆ ಏನಾದರೂ ಹೆಚ್ಚುಕಡಿಮೆ ಆಯಿತೇ ಎಂದರೆ ಎಲ್ಲರದೂ ಒಂದೇ ಉತ್ತರ, “ಎಲ್ಲ ಸರಿಯಾಗಿದೆ ಸಾಹೇಬರೇ.” ಬ್ಯಾನರ್ ಮಾತ್ರ ಉಪಯೋಗಕ್ಕೆ ಬಂತು. ಮೂರನೆಯ ದಿನ ಅದನ್ನು ಯಾರೋ ಸಿಮೆಂಟ್ ಚೀಲ ನೆನೆಯದಂತೆ ಹೊದಿಸಿದ್ದರು.

ತಗಡಿನ ಬಿಲ್ಲೆಗಳು

ಹತ್ತನೆಯ ದಿನ ಕಾರ್ಖಾನೆಯ ದುರಸ್ತಿ ವಿಭಾಗದ ಮುಖ್ಯಸ್ಥರು ನಮ್ಮನ್ನೆಲ್ಲ ಕರೆದು ಕೂರಿಸಿಕೊಂಡರು. ಅಲ್ಲಿ ಆದ ತೀರ್ಮಾನಗಳಲ್ಲಿ ಒಂದು ನನ್ನದು, ಉಳಿದವು ಬೇರೆಯವರವು.

ನನ್ನದು ಹಾಜರಿಯನ್ನು ಸಭೆಯಿಂದ ಬೇರ್ಪಡಿಸುವುದು. ಗೇಟಿನಲ್ಲಿ ಒಳಗೆ ಬಂದ ಲೆಕ್ಕವೇ ಪಗಾರದ ಲೆಕ್ಕ. ಸಭೆಯ ವಹಿಯಲ್ಲಿ ಸಹಿ ಹಾಕದಿದ್ದರೆ ಕೂಲಿ ಹೋಗುವುದಿಲ್ಲ, ಆದರೆ ಸಭೆಗೆ ಬಾರದವನು ಗೋಪುರ ಹತ್ತುವಂತಿಲ್ಲ. ತಡವಾಗಿ ಬಂದವನಿಗೆ ಅವನ ಮುಕಾದಮ ಬುಡದಲ್ಲಿ ನಿಂತು ಮತ್ತೆ ಹೇಳಬೇಕು. ಮೊದಲ ದಿನ ವಹಿಯಲ್ಲಿ ಸಹಿಗಳು ಅರ್ಧಕ್ಕೆ ಇಳಿದವು. ಗುತ್ತೇದಾರರು ನನ್ನ ಮೇಲೆ ರೇಗಿದರು. ನನಗೆ ಸಮಾಧಾನವಾಯಿತು, ಏಕೆಂದರೆ ಉಳಿದ ಅರ್ಧ ನಿಜವಾದ ಸಹಿಗಳು.

ಎರಡನೆಯದು ಇಟ್ಟಿಗೆ ಮೇಸ್ತ್ರಿಯ ಸಲಹೆ. ಅವನು ಹೊರ ರಾಜ್ಯದವನು, ಓದು ಬರಹ ಕಡಿಮೆ, ಊರೂರಿನ ಕಿಲ್ನ್ ಕಂಡವನು. ಗೋಪುರದ ಚಿತ್ರವನ್ನು ತಗಡಿನ ಮೇಲೆ ಬರೆಸಿ, ಪ್ರತಿ ಅಂತಸ್ತಿಗೆ ಒಂದು ಕೊಕ್ಕೆ ಹಾಕಿಸಿದೆವು. ಪ್ರತಿ ತಂಡಕ್ಕೆ ಒಂದು ಬಣ್ಣದ ಬಿಲ್ಲೆ. ಬೆಳಗ್ಗೆ ತಂಡದ ಸಭೆಗೂ ಮೊದಲು ಮುಕಾದಮರಷ್ಟೇ ಐದು ನಿಮಿಷ ಆ ತಗಡಿನ ಮುಂದೆ ನಿಂತು ತಂತಮ್ಮ ಬಿಲ್ಲೆಗಳನ್ನು ತಾವು ಕೆಲಸ ಮಾಡುವ ಅಂತಸ್ತಿಗೆ ತಗುಲಿಸಬೇಕು. ಒಂದರ ಕೆಳಗೊಂದು ಬಿಲ್ಲೆ ಬಿದ್ದರೆ ಕೆಳಗಿನವನು ಕೇಳಬೇಕಾದದ್ದು ಒಂದೇ: ನನ್ನ ತಲೆಯ ಮೇಲೆ ಯಾರಿದ್ದಾರೆ, ನಡುವೆ ಏನಿದೆ? ನಡುವೆ ತಟ್ಟೆ ಇದೆ ಎಂದರೆ ಸಾಲದು, ಅದನ್ನು ಕೆಳಗಿನ ಮುಕಾದಮ ಕಣ್ಣಾರೆ ನೋಡಿ ಬರಬೇಕು.

ಮೂರನೆಯದು ವಹಿಯ ಕಲಮುಗಳು. ‘ಚರ್ಚಿಸಿದ ವಿಷಯ’ ಹೋಯಿತು. ‘ಯಾರು ಏನು ಹೇಳಿದರು’, ‘ಏನು ಮಾಡಿದೆವು’, ‘ಎಷ್ಟು ಹೊತ್ತಿಗೆ’ ಬಂದವು. ಸಭೆಯಲ್ಲಿ ಮೊದಲು ಮಾತಾಡುವವರು ಕೂಲಿಯವರು, ನಾನು ಬರೆದುಕೊಳ್ಳಬೇಕು.

ಮೊದಲೆರಡು ದಿನ ಬರಿಯ ಮೌನ. ಆಮೇಲೆ ಒಬ್ಬ ಬೂಟು ಕಚ್ಚುತ್ತದೆ ಎಂದ. ಇನ್ನೊಬ್ಬ ಕುಡಿಯುವ ನೀರು ಮೂರನೆಯ ಅಂತಸ್ತಿಗೆ ಬರುವುದಿಲ್ಲ ಎಂದ. ಸಣ್ಣ ದೂರುಗಳೇ, ಆದರೆ ಅವತ್ತೇ ಪರಿಹಾರವಾಗುವಂಥವು. ನೀರಿನ ಕ್ಯಾನು ಮಧ್ಯಾಹ್ನದೊಳಗೆ ಮೇಲೆ ಹೋಯಿತು; ಮರುದಿನ ಬೆಳಗ್ಗೆ ಐದು ಕೈ ಎದ್ದವು. ಅವುಗಳಲ್ಲಿ ಒಂದು ನಾನು ಯಾವ ಹಾಳೆಯಲ್ಲೂ ಓದಿರದ ಅಪಾಯ. ತಾಂಡಾದಿಂದ ಬರುವವರು ಎರೆ ಹೊಲದ ದಾರಿಯಲ್ಲಿ ನಡೆದು ಬರುತ್ತಾರೆ. ಮಳೆಯಲ್ಲಿ ಆ ಕಪ್ಪು ಮಣ್ಣು ಬೂಟಿಗೆ ಸೇರು ಸೇರು ಅಂಟುತ್ತದೆ. ಅದೇ ಬೂಟಿನಲ್ಲಿ ಉಕ್ಕಿನ ಮೆಟ್ಟಿಲು ಹತ್ತಿದರೆ ಮೊದಲ ಎರಡು ಅಂತಸ್ತು ಬೆಣ್ಣೆ ಸವರಿದಂತೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 32ನೆಯ ಕಲಮು ಮೆಟ್ಟಿಲಿನ ಮೇಲೆ ಜಾರುವಂಥ ವಸ್ತು ಇರಬಾರದು ಎನ್ನುತ್ತಿತ್ತು. ನಾವು ಅದನ್ನು ಎಣ್ಣೆ ಎಂದು ಓದಿಕೊಂಡಿದ್ದೆವು, ಎರೆ ಮಣ್ಣು ಎಂದು ಓದಿರಲಿಲ್ಲ. ಬುಡದಲ್ಲಿ ಒಂದು ನೀರಿನ ಪೈಪು, ಬೂಟು ಕೆರೆಯಲು ನೆಲಕ್ಕೆ ಹುಗಿದ ಕಬ್ಬಿಣದ ಪಟ್ಟಿ. ಖರ್ಚು ಏನೂ ಇಲ್ಲ, ಪಟ್ಟಿ ಗುಜರಿಯಿಂದ ಬಂತು.

ಭಾಷೆಯ ತಮಾಷೆಯೂ ಆಗಲೇ ಬಯಲಾಯಿತು. ನಮ್ಮಲ್ಲಿ ಕನ್ನಡ, ದಖನಿ, ಲಂಬಾಣಿ, ತೆಲುಗು, ಹಿಂದಿ ಎಲ್ಲ ಇದ್ದವು. ನಾನು ಹೇಳಿದ್ದನ್ನು ಯಾರಾದರೂ ಒಬ್ಬರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕೆಂದು ಮಾಡಿದೆ. “ಬೆಲ್ಟ್ ಬಿಟ್ಟು ಹೋಗಬೇಡಿ” ಎಂದು ದಿನವೂ ಹೇಳುತ್ತಿದ್ದೆ. ಲಂಬಾಣಿ ಹುಡುಗನೊಬ್ಬ ತಿರುಗಿ ಹೇಳಿದಾಗ ಅವನ ಜನರೆಲ್ಲ ನಕ್ಕರು. ಕಲ್ಲು ಸಾಗಿಸುವ ಕನ್ವೇಯರ್ ಬೆಲ್ಟಿನ ಪಕ್ಕದಲ್ಲೇ ನಿಂತಿರಬೇಕು ಎಂದು ಅವನು ತಿಳಿದಿದ್ದ. ಸೊಂಟಕ್ಕೆ ಕಟ್ಟುವುದೂ ಬೆಲ್ಟು, ಕಲ್ಲು ಒಯ್ಯುವುದೂ ಬೆಲ್ಟು. ಅವತ್ತಿನಿಂದ ಒಂದನ್ನು ‘ಕಟ್ಟುವ ಬೆಲ್ಟ್’ ಎಂದೂ ಇನ್ನೊಂದನ್ನು ‘ಓಡುವ ಬೆಲ್ಟ್’ ಎಂದೂ ಕರೆದೆವು.

ಮೇಸ್ತ್ರಿ ಒಳಗೆ ಹೋಗಲಿಲ್ಲ

ಹದಿಮೂರನೆಯ ದಿನ ಬೆಳಗ್ಗೆ ತಗಡಿನ ಮೇಲೆ ಎರಡು ಬಿಲ್ಲೆ ಒಂದರ ಕೆಳಗೊಂದು ಬಿದ್ದವು. ಕೋಟಿಂಗ್ ತಂಡದ ಮುಕಾದಮ “ತಟ್ಟೆ ಇದೆ” ಎಂದ. ಇಟ್ಟಿಗೆ ಮೇಸ್ತ್ರಿ ನೋಡಲು ಹೊರಟ. ತಟ್ಟೆ ಇದ್ದ ಅಂತಸ್ತಿನ ದಾರಿಯನ್ನು ಆ ಹೊತ್ತಿಗೆ ಕ್ರೇನ್ ಕೆಲಸಕ್ಕಾಗಿ ಹಗ್ಗ ಕಟ್ಟಿ ಮುಚ್ಚಿದ್ದರು. ಮೇಸ್ತ್ರಿ ಕೆಳಗಿಳಿದು ಬಂದು, ನೋಡದೆ ತನ್ನ ಜನರನ್ನು ಒಳಗೆ ಬಿಡುವುದಿಲ್ಲ ಎಂದ. ಕಿಲ್ನ್‌ನ ದಿನಚರಿಯಲ್ಲಿ ಇನ್ಲೆಟ್ ಇಟ್ಟಿಗೆ ಆಗಲೇ ಎರಡು ದಿನ ಹಿಂದೆ ಬಿದ್ದಿತ್ತು. ಪಾಳಿಯ ಎಂಜಿನಿಯರ್ ಬಂದು ಕೂಗಾಡಿದರು. ಮೇಸ್ತ್ರಿ ಬೀಡಿಯನ್ನೂ ಹಚ್ಚದೆ ಇಟ್ಟಿಗೆಯ ರಾಶಿಯ ಮೇಲೆ ಕುಳಿತ. ನನ್ನ ಗುತ್ತೇದಾರರು ಫೋನಿನಲ್ಲಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಒಂದೂವರೆ ಗಂಟೆಯ ನಂತರ ಕ್ರೇನ್ ಸರಿಯಿತು. ಮೇಸ್ತ್ರಿ ಹತ್ತಿ ಹೋಗಿ ನೋಡಿದ. ತಟ್ಟೆ ಇತ್ತು. ನಾಲ್ಕೂ ಬೋಲ್ಟ್ ಬಿಗಿಯಾಗಿದ್ದವು.

ಪ್ರಕರಣದ ತಿರುವು ನನ್ನ ಮಟ್ಟಿಗೆ ಇಲ್ಲಿದೆ. ತಟ್ಟೆ ಇಲ್ಲದಿದ್ದರೆ ಮೇಸ್ತ್ರಿ ವೀರನಾಗುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಯಾರೂ ಏನೂ ತೀರ್ಮಾನಿಸಬೇಕಾಗಿರಲಿಲ್ಲ. ತಟ್ಟೆ ಇತ್ತು. ಒಂದೂವರೆ ಗಂಟೆ ನಷ್ಟ ಎಂದು ಎಂಜಿನಿಯರ್ ಎಲ್ಲರ ಮುಂದೆ ಹಂಗಿಸಿದರು. ಮೇಸ್ತ್ರಿಯ ಮುಖ ಸಣ್ಣದಾಯಿತು. ಇನ್ನು ನಾಳೆಯಿಂದ ಬಿಲ್ಲೆ ಬರಿಯ ಅಲಂಕಾರ ಎಂದುಕೊಂಡೆ.

ಸಂಜೆ ವಿಭಾಗದ ಮುಖ್ಯಸ್ಥರು ಗೋಪುರದ ಬುಡಕ್ಕೆ ಬಂದರು. ಕಾಯ್ದೆಯ ಪುಸ್ತಕ ತೆರೆದಿದ್ದರೆ ಅವರಿಗೆ ಆಧಾರವೂ ಸಿಗುತ್ತಿತ್ತು: ಸಿಮೆಂಟ್ ಉದ್ಯಮ ಆ ಕಾಯ್ದೆಯ ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿತ್ತು, ಅಂಥಲ್ಲಿ ಕಣ್ಣೆದುರಿಗೆ ಅಪಾಯವಿದೆ ಎಂದು ಕಾರ್ಮಿಕನಿಗೆ ಸಕಾರಣವಾಗಿ ಅನ್ನಿಸಿದರೆ ಅದನ್ನು ತಿಳಿಸುವ ಹಕ್ಕನ್ನು 41ಎಚ್ ಕಲಮು ಕೊಡುತ್ತಿತ್ತು. ಅವರು ಕಾಯ್ದೆಯ ಮಾತೆತ್ತಲಿಲ್ಲ. ಮೇಸ್ತ್ರಿಯನ್ನು ಹೊಗಳಲೂ ಇಲ್ಲ. ಎಂಜಿನಿಯರ್ ಕಡೆ ತಿರುಗಿ, “ನಾಳೆ ಬೆಳಗ್ಗೆ ಇವನನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸುವವರು ಯಾರು? ಹೆಸರು ಹೇಳಿ” ಎಂದರು. ಎಂಜಿನಿಯರ್ ಒಬ್ಬ ಫಿಟ್ಟರ್ ಹೆಸರು ಹೇಳಿದರು. ಅಷ್ಟೇ ಮಾತು. ನಷ್ಟವಾದ ಒಂದೂವರೆ ಗಂಟೆಯ ಕಾರಣ ಮೇಸ್ತ್ರಿಯ ಹಟವಲ್ಲ, ಮುಚ್ಚಿದ ದಾರಿ ಎಂದು ದಿನಚರಿಯಲ್ಲಿ ಬರೆಸಿದರು. ಮರುದಿನದಿಂದ ತಟ್ಟೆ ನೋಡಿ ಬರಲು ಏಳೆಂಟು ನಿಮಿಷ ಸಾಕಾಗುತ್ತಿತ್ತು. ಆಮೇಲಿನ ದಿನಗಳಲ್ಲಿ ಇನ್ನೂ ಎರಡು ಸಲ ಕೆಲಸ ನಿಂತಿತು. ಒಂದು ಸಲ ಭಯ ಸುಳ್ಳಾಗಿತ್ತು. ಇನ್ನೊಂದು ಸಲ ಮೇಲಿನ ಅಂತಸ್ತಿನ ಜಾಲರಿಯ ಒಂದು ತುಂಡನ್ನು ಯಾರೋ ಎತ್ತಿಟ್ಟಿದ್ದರು.

ಆ ಹೆಣ್ಣುಮಗಳ ಬಳಿ ಹೋಗಿ, ನೀವು ಹೇಳಿದ್ದನ್ನು ಕೇಳಿದ್ದರೆ ಗಡ್ಡೆ ಬೀಳುತ್ತಿರಲಿಲ್ಲ ಎಂದೆ. ಅವಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. “ಶೆಡ್ಡಿನಲ್ಲಿ ಕೂರಲು ಜಾಗವೇ ಇಲ್ಲವಲ್ಲ ತಮ್ಮಾ, ಗಂಡಸರು ಕಾಲು ಚಾಚಿ ಮಲಗಿರುತ್ತಾರೆ” ಎಂದಳು. ಅದನ್ನು ವಹಿಯಲ್ಲಿ ಬರೆದುಕೊಂಡೆ. ಹೆಣ್ಣುಮಕ್ಕಳಿಗೆ ಬೇರೆ ಶೆಡ್ಡು ಬಂದದ್ದು ಮಾತ್ರ ದುರಸ್ತಿ ಮುಗಿಯಲು ಮೂರು ದಿನ ಇದ್ದಾಗ.

ಮರುವರ್ಷ

ಮರುವರ್ಷ ಅದೇ ಕಾರ್ಖಾನೆಗೆ ಬೇರೆ ಗುತ್ತೇದಾರರ ಕಡೆಯಿಂದ ಹೋದೆ. ತಗಡು ಅಲ್ಲೇ ಇತ್ತು, ಬಣ್ಣ ಸ್ವಲ್ಪ ಹೋಗಿತ್ತು. ಹಗಲು ಪಾಳಿಯಲ್ಲಿ ಮುಕಾದಮರು ಹೇಳದೆಯೇ ಬಂದು ನಿಲ್ಲುತ್ತಿದ್ದರು. ಆದರೆ ಒಂದು ಬೆಳಗ್ಗೆ ಹಸಿರು ಬಿಲ್ಲೆ ನಾಲ್ಕನೆಯ ಅಂತಸ್ತಿನಲ್ಲಿತ್ತು. ಹತ್ತಿ ನೋಡಿದರೆ ಅಲ್ಲಿ ಕೆಲಸ ಮುಗಿದು ಎರಡು ದಿನವಾಗಿತ್ತು. ಹತ್ತುವಾಗ ಬಿಲ್ಲೆ ಹಾಕಲು ಕಲಿಸಿದ್ದೆವು, ಇಳಿಯುವಾಗ ತೆಗೆಯಲು ಯಾರಿಗೂ ಹೇಳಿರಲಿಲ್ಲ. ಸುಳ್ಳು ಬಿಲ್ಲೆ ಇಲ್ಲದ ಬಿಲ್ಲೆಗಿಂತ ಕೆಟ್ಟದ್ದು: ನಾಲ್ಕು ದಿನ ಸುಳ್ಳು ಕಂಡವನು ಐದನೆಯ ದಿನ ನಿಜವನ್ನೂ ನಂಬುವುದಿಲ್ಲ. ಸಂಜೆ ಎಲ್ಲ ಕೊಕ್ಕೆಗಳೂ ಖಾಲಿಯಾಗಬೇಕು ಎಂಬ ನಿಯಮ ಆಗ ಬಂತು.

ರಾತ್ರಿ ಪಾಳಿಯನ್ನು ಗೆಲ್ಲಲು ಆಗಿರಲಿಲ್ಲ. ಆ ಹೊತ್ತಿನಲ್ಲಿ ತಗಡಿನ ಮುಂದೆ ನಿಲ್ಲಲು ವಿಭಾಗದ ಮುಖ್ಯಸ್ಥರೂ ಇಲ್ಲ, ಎಂಜಿನಿಯರ್ ಒಬ್ಬರೇ, ಅವರಿಗೆ ಮೂರು ಕಡೆ ಓಡಾಟ. ಒಂದು ದಿನ ಬೆಳಗ್ಗೆ ಬೇಗ ಬಂದು ರಾತ್ರಿಯ ವಹಿಯನ್ನು ತಿರುವಿ ನೋಡಿದೆ. ‘ಯಾರು ಏನು ಹೇಳಿದರು’ ಎಂಬ ಕಲಮಿನಲ್ಲಿ ಆರು ರಾತ್ರಿಗಳೂ “ಏನೂ ಇಲ್ಲ” ಎಂದಿತ್ತು. ಒಂದೇ ಪೆನ್ನು, ಒಂದೇ ಕೈಬರಹ. ಬರೆದ ಹುಡುಗ ಎದುರಿಗೇ ನಿಂತಿದ್ದ, ಹೊಸಬ. ಬೈಯಲು ಬಾಯಿ ಬರಲಿಲ್ಲ. ಅವನನ್ನು ಕರೆದುಕೊಂಡು ಚಹಾದ ಅಂಗಡಿಗೆ ಹೋದೆ.